ಚಂದ್ರಕ್ಕ ತಿದ್ದಿದ ಗೆರೆ

ಚಂದ್ರಾವತಿ, ನನ್ನ ಬಾಯಲ್ಲಿ ಚಂದ್ರಕ್ಕ, ವಾಷಿಂಗ್ಟನ್ನಿನ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ನಕ್ಷೆ ಬಿಡಿಸುತ್ತಾರೆ. ಅಲ್ಲಿನ ಪ್ರದರ್ಶನಗಳಿಗೆ ವಿವರಣೆ ಬರೆಯುವವಳು ನಾನು. ಇಬ್ಬರೂ ಆಶ್‌ಬರ್ನಿನಿಂದ ಒಂದೇ ಮೆಟ್ರೋದಲ್ಲಿ ಬರುತ್ತೇವೆ. ಚಂದ್ರಕ್ಕ ಮಂಜೇಶ್ವರದ ಸರ್ವೆಯರ್ ಒಬ್ಬರ ಮಗಳು, ಅಪ್ಪನ ಹಟವೂ ಜೊತೆಗೇ ಬಂದಿದೆ. ರಾಜ್ಯಗಳ ಗಡಿ ಬದಲಾಗಿ ಊರು ಕೇರಳಕ್ಕೆ ಸೇರಿದ ಮೇಲೂ ಅವರ ಅಮ್ಮ ಸಾಯುವವರೆಗೆ ವಿಳಾಸದಲ್ಲಿ ‘ದಕ್ಷಿಣ ಕನ್ನಡ’ ಎಂದೇ ಬರೆಯುತ್ತಿದ್ದರಂತೆ. ಅಂಚೆಯವನು ಬುದ್ಧಿವಂತ, ಕಾಗದ ಹೇಗೋ ಮುಟ್ಟುತ್ತಿತ್ತು.

2024ರ ಅಕ್ಟೋಬರಿನಲ್ಲಿ ನಮ್ಮಲ್ಲಿ ಟ್ರಿಯೆಸ್ಟ್ ಒಪ್ಪಂದದ ಎಪ್ಪತ್ತನೇ ವರ್ಷದ ಪ್ರದರ್ಶನವಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಟ್ರಿಯೆಸ್ಟ್ ಬಂದರು ತನ್ನದೆಂದು ಇಟಲಿ, ಅಲ್ಲ ತನ್ನದೆಂದು ಯುಗೊಸ್ಲಾವಿಯ ಒಂಬತ್ತು ವರ್ಷ ಹಗ್ಗ ಜಗ್ಗಾಡಿದವು. 1954ರಲ್ಲಿ ಲಂಡನ್ನಿನಲ್ಲಿ ಸಹಿ ಬಿತ್ತು: ಬಂದರು ಇಟಲಿಗೆ, ದಕ್ಷಿಣದ ಭಾಗ ಯುಗೊಸ್ಲಾವಿಯಕ್ಕೆ. ಇನ್ನೊಂದು ಯುದ್ಧವಿಲ್ಲದೆ ಜಗಳ ಮುಗಿಯಿತು.

ಉದ್ಘಾಟನೆಯ ಹಿಂದಿನ ದಿನ, ಗೋಡೆ ತುಂಬ ನಕ್ಷೆ ಅಂಟಿಸಿಯಾದ ಮೇಲೆ, ಚಂದ್ರಕ್ಕ ಅದರ ಮುಂದೆ ನಿಂತವರು ಅಲುಗಲಿಲ್ಲ. ಗಡಿಯ ಗೆರೆ ತಪ್ಪಿತ್ತು, ತಪ್ಪು ಅವರದೇ. ಹಳೇ ಸರ್ವೆ ಆಫೀಸುಗಳ ಅಭ್ಯಾಸದಂತೆ, ಚೊಕ್ಕವಾಗಿ ಕಂಡ ಹಳೆಯ ಹಾಳೆಯಿಂದ ಗೆರೆ ನಕಲು ಮಾಡಿದ್ದರು. ಅದು 1947ರ ತಾತ್ಕಾಲಿಕ ಗೆರೆ. 1954ರ ಒಪ್ಪಂದದಲ್ಲಿ ಅದು ತುಸು ಸರಿದು, ಗುಡ್ಡದ ನಾಲ್ಕಾರು ಹಳ್ಳಿಗಳು ಯುಗೊಸ್ಲಾವಿಯಕ್ಕೆ ಹೋಗಿದ್ದವು.

ಅವರ ಕಾಂಟ್ರ್ಯಾಕ್ಟ್ ಮುಂದುವರಿಸುವುದೋ ಬೇಡವೋ ಎಂದು ಡೈರೆಕ್ಟರ್ ತೀರ್ಮಾನಿಸುವ ವಾರವೂ ಅದೇ. ಇಷ್ಟು ಚಿಕ್ಕದು ಯಾರ ಕಣ್ಣಿಗೂ ಬೀಳುವುದಿಲ್ಲ, ಸುಮ್ಮನಿದ್ದುಬಿಡಿ ಎಂದು ಗೋಗರೆದೆ. ನನ್ನ ಪುಕ್ಕಲುತನಕ್ಕೆ ಈಗಲೂ ನಾಚಿಕೆಯಾಗುತ್ತದೆ.

“ಅಲ್ಲಿ ಮನೆ ಇದ್ದವರಿಗೆ ಕಾಣ್ತದೆ ಮಾರಾಯ್ತಿ,” ಎಂದವರೇ ಡೈರೆಕ್ಟರರ ಕೋಣೆಗೆ ನಡೆದರು.

ಆತ ಕೆಂಡವಾದ. ಮತ್ತೆ ಪ್ರಿಂಟ್ ಮಾಡಿಸಲು ಸಮಯವಿಲ್ಲ, ನಾಳೆ ಅತಿಥಿಗಳು ಬರುತ್ತಾರೆ ಎಂದ. ಚಂದ್ರಕ್ಕ ಕೇಳಿದ್ದು ಏಣಿ ಮತ್ತು ಕಪ್ಪು ಟೇಪು, ಅಷ್ಟೇ. ಅರವತ್ತರ ಹೆಂಗಸು ಏಣಿ ಹತ್ತಿ, ಸಂಜೆಯೊಳಗೆ ಹಳೆಯ ಗೆರೆ ಕೆರೆದು ಹೊಸದನ್ನು ಅಂಟಿಸಿದರು. ಕೆರೆದ ಕಲೆ ಹಾಗೇ ಉಳಿಯಿತು. ಕಾಂಟ್ರ್ಯಾಕ್ಟಿನ ಮಾತು ಆಮೇಲೆ ಎಂದು ಡೈರೆಕ್ಟರ್ ಒಣಗಿದ ದನಿಯಲ್ಲಿ ಹೇಳಿ ಹೋದ.

ಮರುದಿನ ಕೋಲೂರಿಕೊಂಡು ಒಬ್ಬ ಮುದುಕಿ ಬಂದರು. ಭಾಷಣಗಳಿಗೆ ಬೆನ್ನು ಹಾಕಿ ನೇರ ನಕ್ಷೆಯ ಬಳಿ ಹೋದರು. ಬೆರಳು ಕಡಲಿನಿಂದ ಗುಡ್ಡ ಹತ್ತಿ, ಟೇಪಿನ ಪಕ್ಕದಲ್ಲಿ ನಿಂತಿತು. ತಾನು ಹತ್ತು ವರ್ಷದವಳಿದ್ದಾಗ ಗೆರೆ ತಮ್ಮ ಹಿತ್ತಲಿಗೆ ಬಂತು, ಈ ದೇಶದ ನಕ್ಷೆಗಳಲ್ಲಿ ತಮ್ಮ ಹಳ್ಳಿಯನ್ನು ಸರಿಯಾದ ಕಡೆ ನೋಡಿದ್ದು ಇದೇ ಮೊದಲು ಎಂದು ಡೈರೆಕ್ಟರಿಗೆ ಹೇಳಿ, ಬಿಡಿಸಿದವರು ಯಾರೆಂದು ಕೇಳಿದರು. ಚಂದ್ರಕ್ಕ ಮುಂದೆ ಬಂದರು. ನಿನ್ನೆಯವರೆಗೆ ತಾನೂ ತಪ್ಪಾಗಿಯೇ ಬಿಡಿಸಿದ್ದೆ ಎಂದರು. ಮುದುಕಿ ಗೋಡೆಯ ಕಲೆ ಸವರಿ, ಇಷ್ಟು ಚಿಕ್ಕದನ್ನೂ ತಿದ್ದಿದಿರಲ್ಲ, ನಿಮ್ಮೂರಿನಲ್ಲೂ ಗೆರೆ ಸರಿಸಿದ್ದರೇ ಎಂದು ಕೇಳಿದರು.

“ಸರಿಸಿದ್ರು. ಅಮ್ಮ ಕಡೆಯವರೆಗೂ ಒಪ್ಲಿಲ್ಲ,” ಎಂದ ಚಂದ್ರಕ್ಕ ಟೇಪಿನ ಅಂಚನ್ನು ಒತ್ತಿದರು. “ನಾನು ಮಾತ್ರ ಇದ್ದದ್ದನ್ನು ಇದ್ದ ಹಾಗೇ ಬಿಡಿಸ್ತೇನೆ.”

ಕಾಂಟ್ರ್ಯಾಕ್ಟ್ ಸೋಮವಾರ ಬಂತು, ಮೂರು ವರ್ಷಕ್ಕೆ. ಟೇಪನ್ನು ಯಾರೂ ಕೀಳಬಾರದು ಎಂಬ ಡೈರೆಕ್ಟರರ ಚೀಟಿಯೂ ಅದರ ಜೊತೆಗಿತ್ತು.