ನರಸಮ್ಮನ ಹೇಳಿಕೆ

ಮೊನ್ನೆ ಮಗಳು ಹೊಸ ಗದ್ವಾಲ ಸೀರೆ ಬಿಡಿಸಿ ತೋರಿಸಿದಳು. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಚೆನ್ನಾಗಿದೆ ಎನ್ನಬೇಕಾದವನು ಎದ್ದು ಹೊರಗೆ ಬಂದೆ. ಯಾಕೆ ಅಂತೀರಾ? ರಾಜೋಳಿಯ ನರಸಮ್ಮ ನನ್ನೆದುರು ಕೂತ ದಿನ ಆಕೆಯ ಕೈಗಳಿಂದಲೂ ಇದೇ ವಾಸನೆ ಬರುತ್ತಿತ್ತು.

ನರಸಮ್ಮ ಮಗ್ಗ ನೇಯುವವಳು, ವಿಧವೆ. ಪಿಂಚಣಿ ಅರ್ಜಿ ಹಿಡಿದು ಗದ್ವಾಲದ ಅತಿಥಿಗೃಹಕ್ಕೆ ಹೋದಾಗ ನಮ್ಮ ಭಾಗದ ನಾಯಕರೊಬ್ಬರು ಬಾಗಿಲು ಹಾಕಿ ಮೈಮೇಲೆ ಕೈಹಾಕಿದರು ಎಂಬುದು ಆಕೆಯ ದೂರು. ಟಿವಿಯವರು ಕೂಗಿದರು. ಬಾಯಿ ಮುಚ್ಚಿಸಲು ನಾಯಕರ ಪಕ್ಷದವರು ಮೂವರ ಸಮಿತಿ ಮಾಡಿದರು. ಕನ್ನಡ, ತೆಲುಗು ಎರಡೂ ಬಲ್ಲ ನಿವೃತ್ತ ಮಾಸ್ತರ ಎಂದು ಮಕ್ತಲದಿಂದ ನನ್ನನ್ನೂ ಸೇರಿಸಿದರು. ನಿಜ ಹೇಳಲೇ? ಹಿಗ್ಗಿದ್ದೆ. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ.

ಸಮಿತಿಯ ಮುಂದೆ ನರಸಮ್ಮ, ಅದು ನಡೆದದ್ದು ಮಧ್ಯಾಹ್ನ ಎಂದಳು. ಆಕೆ ಅಳುತ್ತಾ ಹೊರಬಂದದ್ದನ್ನು ಕಂಡ ಕಾವಲುಗಾರ ಬೀರಪ್ಪ ಬೆಳಗ್ಗೆ ಎಂದ. "ಎಷ್ಟು ಗಂಟಿ, ಸರಿಯಾಗಿ ಹೇಳಮ್ಮ" ಎಂದು ನಾನು ಮೂರು ಸಲ ಕೇಳಿದೆ.

"ಹೆದರಿದಾಕಿಗೆ ಗಡಿಯಾರ ಕಾಣ್ತೈತೇನ್ರೀ ಮಾಸ್ತರ?" ಎಂದಳು.

ನಾಯಕರ ಡ್ರೈವರ್ ಮಾತ್ರ ಎಲ್ಲೂ ತಡವರಿಸಲಿಲ್ಲ. ಹನ್ನೊಂದೂಕಾಲು, ಬಾಗಿಲು ತೆರೆದಿತ್ತು, ಆಕೆ ನಗುತ್ತಾ ಕೈಮುಗಿದು ಹೋದಳು. ಎರಡನೇ ಸಲ ಕೇಳಿದರೂ ಅದೇ ಮಾತು, ಅದೇ ಕ್ರಮ. ಬದುಕಿಡೀ ಬಾಯಿಪಾಠಕ್ಕೆ ಪೂರ್ತಿ ಅಂಕ ಕೊಟ್ಟ ಮಾಸ್ತರ ನಾನು, ಅಲ್ಲೂ ಕೊಟ್ಟೆ. ‘ದೂರುದಾರಳ ಹೇಳಿಕೆ ತಾಳೆಯಾಗುವುದಿಲ್ಲ’ ಎಂಬ ವರದಿಯ ಸಾಲು ನನ್ನದೇ ಕೈಬರಹ.

ವರ್ಷದ ಮೇಲೆ ಮಕ್ತಲದ ಚಹಾ ಹೋಟೆಲಿನಲ್ಲಿ ಆ ಡ್ರೈವರ್ ಸಿಕ್ಕ. ನಾಯಕರ ಕೆಲಸ ಬಿಟ್ಟಿದ್ದ.

"ನಾಯಕರ ಕಡಿಯವ್ರು ಮೂರು ದಿನ ಕುಂದ್ರಿಸಿ ಕಲಿಸಿದ್ರು ರೀ. ಬಾಗಿಲ ಹಾಕಿತ್ತು. ಆಕಿ ಚೀರಿದ್ದು ನನಗ ಕೇಳಿಸಿತ್ತು" ಎಂದ.

"ಹಂಗಾದ್ರ ಬಂದು ಹೇಳಪಾ."

"ಈಗ ಹೇಳಿದ್ರ ಮೊದಲಿಂದು ಸುಳ್ಳೋ, ಇದು ಸುಳ್ಳೋ ಅಂತ ನಿಮ್ಮಂಥೋರೇ ಕೇಳ್ತೀರಲ್ರೀ?"

ಪಕ್ಷದ ಕಚೇರಿಗೆ ಪತ್ರ ಬರೆದೆ. ಕಡತ ಮುಚ್ಚಿದೆ ಎಂದರು. ರಾಜೋಳಿಗೆ ಹೋದೆ. ನರಸಮ್ಮ ಮಗ್ಗ ಬಿಟ್ಟು ಏಳಲಿಲ್ಲ. ಡ್ರೈವರ್ ಒಪ್ಪಿಕೊಂಡ, ನನ್ನಿಂದ ತಪ್ಪಾಯಿತು ಎಂದೆ.

"ನಾ ಹೇಳಿದಾಗ ನಿಮಗ ನಂಬಿಕಿ ಬರ್ಲಿಲ್ಲ. ಅಂವ ಹೇಳಿದ ಮ್ಯಾಲ ಬಂತು. ಇವತ್ತೂ ನೀವು ನಂಬಿದ್ದು ಅಂವನ್ನೇ ಅಲ್ಲೇನ್ರೀ?"

ನಾಯಕರು ಮತ್ತೆ ಗೆದ್ದಿದ್ದಾರೆ. ಓಣಿಯವರು ಈಗಲೂ ಜಗಳ ತಂದು, "ಯಾರದು ಖರೆ, ನೀವೇ ಹೇಳ್ರಿ" ಎನ್ನುತ್ತಾರೆ. ನಾನು ಕೈಮುಗಿದು ಒಳಗೆ ಹೋಗುತ್ತೇನೆ. ಮಾಸ್ತರದು ದೊಡ್ಡ ವಿನಯ ಎಂದುಕೊಂಡು ಹೋಗುತ್ತಾರೆ.