ಹೋದ ವರ್ಷದ ಪುರಾತನ ಬಾವಿ

ಅರಸರು ಕತ್ತಿ ಹಿಡಿದು ರಾಜ್ಯ ಗೆದ್ದರೆ, ನಮ್ಮ ಮಠದ ಸನ್ಯಾಸಿ ಆಸ್ಬರ್ನ್ ಒಂದು ಹೆಬ್ಬಾತಿನ ಗರಿ ಹಿಡಿದು ನಾನೂರು ವರ್ಷಗಳನ್ನೇ ಗೆದ್ದ.

ಜೌಗಿನ ಆಚೆ ದಂಡೆಯ ಮಠದಲ್ಲಿ ಒಬ್ಬ ಸಂತನ ದವಡೆಮೂಳೆಯಿತ್ತು; ಅದಕ್ಕೆ ಕೈಮುಗಿಯಲು ಜನ ಕಾಣಿಕೆ ಹಿಡಿದು ಬರುತ್ತಿದ್ದರು. ನಮ್ಮಲ್ಲಿ ಹಾವುಮೀನಿತ್ತು. ಸಂತೆಯಲ್ಲಿ ಎದುರಾದಾಗಲೆಲ್ಲ ಆ ದವಡೆಯವರು, "ಏನ್ರಪ್ಪಾ, ನಿಮ್ಮ ಮೀನು ಇನ್ನೂ ಪವಾಡ ಶುರು ಮಾಡಿಲ್ವಾ?" ಎಂದು ಕಿಚಾಯಿಸುತ್ತಿದ್ದರು.

ಮಠದ ಚರಿತ್ರೆ ಬರೆಯುವ ಹೊಣೆ ಆಸ್ಬರ್ನನದು. ಈರುಳ್ಳಿಗೆ ಪ್ರಾಣ ಬಿಡುವ, ಬೆರಳಿನ ಮಸಿ ಎಂದೂ ತೊಳೆಯದ ಸಾಧು ಪ್ರಾಣಿ. ಹಳೆಯ ಕಾಗದಪತ್ರಗಳನ್ನೆಲ್ಲ ಕಡಲು ದಾಟಿ ದಾಳಿಗೆ ಬಂದ ಡೇನರು ಸುಟ್ಟಿದ್ದರಿಂದ ಮೊದಲ ಹಾಳೆಗಳು ಖಾಲಿಯಿದ್ದವು. ಅವನ ಕೈ ತುರಿಸಿತು. ನಾನೂರು ವರ್ಷಗಳ ಹಿಂದಕ್ಕೆ ಹೋಗಿ ಲೆವ್‌ರೂನ್ ಎಂಬ ಸಂತಳನ್ನು ಹುಟ್ಟಿಸಿದ, ಪಾಪ, ಸಾಯಿಸಿಯೂ ಬಿಟ್ಟ. ಅವಳ ಕಣ್ಣೀರು ಬಿದ್ದಲ್ಲಿ ಬಾವಿ ಉಕ್ಕಿತಂತೆ. ಅದರ ನೀರು ಕುರುಡು ಕಳೆಯುತ್ತದಂತೆ. ಯಾವ ಬಾವಿ? ಅಡುಗೆಮನೆಯ ಹಿಂದೆ ನಾವು ಮೀನು ತೊಳೆಯುವ ಬಾವಿ!

ಊಟದ ಹೊತ್ತಿನಲ್ಲಿ ಆಸ್ಬರ್ನ್ ಇದನ್ನು ಓದಿದಾಗ, ಮಠದ ನಿಯಮದಂತೆ ಆಗ ಮಾತಾಡುವಂತಿಲ್ಲದ ನಾವು ಚಮಚ ಎತ್ತಿ ಕುಣಿಸಿದೆವು. ನಾನಂತೂ ಎರಡು ಚಮಚ. ಆ ಬಾವಿಯನ್ನು ಹಿಂದಿನ ವರ್ಷ ಮುಂದೆ ನಿಂತು ತೋಡಿಸಿದವನು ನಾನೇ.

ಬಾವಿಯ ಸುದ್ದಿ ಸಂತೆಯಿಂದ ಊರೂರಿಗೆ ಹಬ್ಬಿ, ಲೆಂಟ್ ಉಪವಾಸದ ದಿನಗಳಲ್ಲಿ ಗುನ್ನಿಲ್ಡ್ ಎಂಬ ಹೆಂಗಸು ಬಂದಳು. ಒಂದು ಕಣ್ಣಿಗೆ ಪೂರ್ತಿ ಪೊರೆ, ಇನ್ನೊಂದಕ್ಕೂ ಹರಡುತ್ತಿತ್ತು. ಮೂರು ದಿನ ಬರಿಗಾಲಲ್ಲಿ ನಡೆದಿದ್ದಳು. ಮೀನಿನ ಪೊರೆ ಅಂಟಿದ ಕಟ್ಟೆಗೆ ಮುತ್ತಿಟ್ಟು ಕಣ್ಣು ತೊಳೆದಳು.

"ಸ್ವಾಮಿ, ಲೆವ್‌ರೂನಮ್ಮ ಎಷ್ಟು ಸಲ ತೊಳೀಬೇಕು ಅಂದವ್ಳೆ?"

ಆಸ್ಬರ್ನ್ ಮಸಿ ಹತ್ತಿದ ಬೆರಳುಗಳನ್ನು ನಿಲುವಂಗಿಯ ತೋಳಿನೊಳಗೆ ಎಳೆದುಕೊಂಡ. ನಾನು ಕಟ್ಟೆ ಒರೆಸತೊಡಗಿದೆ.

ಮರುದಿನ ಬೆಳಿಗ್ಗೆ, ಎಲ್ಲರೂ ತಪ್ಪೊಪ್ಪಿಕೊಳ್ಳುವ ಸಭೆ. ದಿನವೂ "ಮಸಿ ಚೆಲ್ಲಿದೆ" ಎನ್ನುತ್ತಿದ್ದ ಆಸ್ಬರ್ನ್ ಅಂದು ನೆಲಕ್ಕೆ ಬಿದ್ದು, "ಲೆವ್‌ರೂನ್ ಇರಲೇ ಇಲ್ಲ. ನಾನೇ ಕಟ್ಟಿದ್ದು," ಎಂದ.

ಮಠಾಧಿಪತಿ ತುರ್ಸ್ಟನ್ ಪೀಠದಿಂದ ಎದ್ದು ಅವನ ಬಳಿ ಬಂದರು. "ನಮ್ಮ ಹತ್ರ ಹೇಳಿ ಏನಪ್ಪಾ ಬಂತು? ಚರ್ಚಿನ ಬಾಗಿಲಲ್ಲಿ ಬೋರಲು ಬಿದ್ದಿರು. ಆ ತಾಯಿ ಬಂದಾಗ ಹೇಳು."

ನಾವೆಲ್ಲ ಅವನನ್ನು ದಾಟಿ ಒಳಹೋದೆವು. ನಾನು ಆ ದಿನ ಸಭೆಯಲ್ಲಿ ಒಪ್ಪಿಕೊಂಡ ಮಹಾಪಾತಕ: ಪ್ರಾರ್ಥನೆಯ ನಡುವೆ ಆಕಳಿಕೆ.

ಗುನ್ನಿಲ್ಡ್ ಬಂದಳು. ಆಸ್ಬರ್ನ್ ನೆಲಕ್ಕೆ ಮುಖ ಒತ್ತಿಕೊಂಡೇ ಎಲ್ಲ ಹೇಳಿದ. ಅವಳು ಅಳಲಿಲ್ಲ, ಶಪಿಸಲಿಲ್ಲ. ಹೊಸ್ತಿಲ ಮೇಲೆ ಕೂತಳು.

"ಬಂದೋರ ಕಾಲು ತೊಳೀತೀರಂತಲ್ಲ ನೀವು. ಅದಾದ್ರೂ ನಿಜವೋ, ಅದೂ ಬರೆದಿದ್ದೋ?"

ನಾನು ಓಡಿ ಆ ಬಾವಿಯಿಂದಲೇ ನೀರು ತಂದೆ. ಆಸ್ಬರ್ನ್ ಅವಳ ಬಲಗಾಲಿನ ಬೊಬ್ಬೆಗಳನ್ನು ಒಂದೊಂದಾಗಿ ತೊಳೆದ. ನೀರು ಕೆಂಪಾಯಿತು. ನಾನು ಟವೆಲು ಹಿಡಿದು ನೆಲ ನೋಡುತ್ತಿದ್ದೆ.

"ಇವ್ರಿಗೇನಾಗಿದೆ? ತಲೆ ಯಾಕೆ ಬಗ್ಗಿಸವ್ರೆ?"

"ಬಾವಿ ತೋಡಿಸಿದ್ದು ನಾನು, ತಾಯಿ," ಎಂದೆ. "ಹೋದ ವರ್ಷ."

ಗುನ್ನಿಲ್ಡ್ ನನ್ನತ್ತ ಎಡಗಾಲು ಚಾಚಿದಳು.