ಸೆಲ್ಲಿನ ತುದಿಯ ಕಾಗದದ ಚೂರು

ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ. ನಾನೂ ನನ್ನ ಹೆಂಡತಿ ಸುಮತಿಯೂ ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಐರೋಲಿಗೆ, ಅವಳ ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಸುಮತಿಗೆ ಹತ್ತು ವರ್ಷದಿಂದ ಉಬ್ಬಸ. ಮಳೆಗಾಲದಲ್ಲಿ ಇನ್ಹೇಲರ್ ಇಲ್ಲದೆ ಅವಳು ಹೊಸ್ತಿಲು ದಾಟುವುದಿಲ್ಲ.

ನಾನು ದಾಟದಿರುವುದು ಟಾರ್ಚ್ ಇಲ್ಲದೆ. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ಬದಲಾಪುರದ ರಸ್ತೆಯಲ್ಲಿ ರಾತ್ರಿ ಟಯರ್ ಪಂಕ್ಚರ್ ಆಗಿ, ಬೆಳಕಿಗೆ ಮೊಬೈಲನ್ನು ಕತ್ತಿನಲ್ಲಿ ಒತ್ತಿ ಹಿಡಿದುಕೊಂಡು ಸ್ಟೆಪ್ನಿ ಹಾಕಿದ್ದೆ. ಆಮೇಲೆ ಕಲ್ಯಾಣದ ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿ, ಚಾರ್ಜ್ ಮಾಡುವ ದೊಡ್ಡ ಟಾರ್ಚೊಂದನ್ನು ಆರಿಸಿ ತಂದೆ. ನೀರು ಬಿದ್ದರೂ ಕೆಡದು. ಬಾನೆಟ್ಟಿಗೆ ಅಂಟಿಸಲು ಅಯಸ್ಕಾಂತ, ಮಿಣುಕುವ ಕೆಂಪು ದೀಪ, ಕಿಟಕಿಯ ಗಾಜು ಒಡೆಯಲು ಮೊನೆ, ಎಲ್ಲ ಇತ್ತು.

“ಅನ್ನ ಬೇಯಿಸುವುದಿಲ್ವಾ ಮಾರಾಯ್ರೆ ಇದು?” ಎಂದಳು ಸುಮತಿ.

ಪೂರ್ತಿ ಚಾರ್ಜ್ ಮಾಡಿ ಡ್ಯಾಶ್‌ಬೋರ್ಡಿನೊಳಗೆ ಇಟ್ಟೆ. ಅದು ಅಲ್ಲಿದೆ ಎಂಬ ಧೈರ್ಯದಲ್ಲೇ ವರ್ಷ ಕಳೆಯಿತು.

ಐರೋಲಿಯಲ್ಲಿ ಊಟ ಮುಗಿಸಿ, ನೆಲದಡಿಯ ಎರಡನೇ ಅಂತಸ್ತಿನ ಪಾರ್ಕಿಂಗಿಗೆ ಇಳಿದು ಕಾರಿನಲ್ಲಿ ಕುಳಿತೆವು. ಅಷ್ಟರಲ್ಲಿ ಕರೆಂಟು ಹೋಯಿತು. ಮಟಮಟ ಮಧ್ಯಾಹ್ನ, ಆದರೆ ಅಲ್ಲಿ ಬಾವಿಯೊಳಗಿನ ಕತ್ತಲು. ಮೂಲೆಯಲ್ಲಿ ಜನರೇಟರ್ ಶುರುವಾಗಿ ಹೊಗೆ ತುಂಬತೊಡಗಿತು, ದೀಪ ಮಾತ್ರ ಬರಲಿಲ್ಲ. ಸುಮತಿಗೆ ಕೆಮ್ಮು ಹತ್ತಿತು. ಚೀಲದಿಂದ ಇನ್ಹೇಲರ್ ತೆಗೆಯುವಾಗ ಅದು ಸೀಟಿನ ಪಕ್ಕದ ಸಂದಿಗೆ ಜಾರಿತು.

“ಬಿತ್ತು” ಎಂದಳು. ಅಷ್ಟೇ ಮಾತು ಬಂತು.

ನಾನು ಟಾರ್ಚ್ ತೆಗೆದು ಒತ್ತಿದೆ. ಹತ್ತಲಿಲ್ಲ. ಮತ್ತೆ ಒತ್ತಿದೆ, ಬಡಿದೆ. ಊಹೂಂ. ಮೊಬೈಲ್ ಬೆಳಕು ಹಿಡಿದು ಸಂದಿಗೆ ಕೈ ಹಾಕಿದರೆ ನನ್ನ ಕೈಯೇ ಅಡ್ಡ. ಅವಸರದಲ್ಲಿ ಸೀಟು ಹಿಂದಕ್ಕೆ ಸರಿಸಿದೆ, ಏನೋ ಉರುಳಿ ಇನ್ನೂ ಒಳಗೆ ಹೋಯಿತು. ಸುಮತಿಯ ಎದೆಯಿಂದ ಸಿಳ್ಳೆಯಂಥ ಸದ್ದು. ಬೆಳಕಿಗಾದರೂ ಹೋಗೋಣವೆಂದರೆ ಎದುರಿಗೆ ಶಾಲೆಯ ವ್ಯಾನೊಂದು ಅಡ್ಡ ನಿಂತಿತ್ತು. ಹಾರ್ನ್ ಮೇಲೆ ಹಾರ್ನ್ ಒತ್ತಿದೆ.

ವ್ಯಾನ್ ತೊಳೆಯುತ್ತಿದ್ದ ಹೆಂಗಸೊಬ್ಬಳು ಒದ್ದೆ ಕೈಯಲ್ಲೇ ಓಡಿಬಂದಳು. “ಕಾಯ್ ಝಾಲಂ ಕಾಕಾ? ಕಾಢತೆ ಗಾಡಿ.” ಏನಾಯಿತು, ಗಾಡಿ ತೆಗೆಯುತ್ತೇನೆ ಎಂದು ಮರಾಠಿಯಲ್ಲಿ ಹೇಳಿದಳು.

ನಾನು ಸುಮತಿಯ ಕಡೆ ತಿರುಗಿ, “ಸ್ವಲ್ಪ ತಡ್ಕೊ ಮಾರಾಯ್ತಿ, ಸಿಕ್ತದೆ” ಎನ್ನುತ್ತಿದ್ದೆ. ಆ ಕನ್ನಡ ವ್ಯಾನಿನವಳ ಕಿವಿಗೆ ಬಿತ್ತು.

“ಏನ್ ಬಿತ್ರಿ ಅಣ್ಣಾರ?”

“ಇನ್ಹೇಲರ್. ಸೀಟಿನಡಿಗೆ.”

ವ್ಯಾನಿನಿಂದ ಹಳೆಯ ಎರಡು ಸೆಲ್ಲಿನ ಟಾರ್ಚ್ ತಂದಳು. ಹಿಂದಿನ ಮುಚ್ಚಳ ಬಿಚ್ಚಿ, ಸೆಲ್ಲಿನ ತುದಿಯಿಂದ ಕಾಗದದ ಚೂರೊಂದನ್ನು ಎಳೆದು, ಮತ್ತೆ ತಿರುಗಿಸಿದಳು. ಬೆಳಕು ಬಂತು.

“ನೀವು ಅಕ್ಕಾರ್ನ ನೆಟ್ಟಗ ಕುಂದರ್ಸ್ರಿ. ಮೇಲಿಂದ ಹುಡುಕಿದ್ರ ಸಿಗಂಗಿಲ್ಲ.”

ಹಿಂದಿನ ಬಾಗಿಲು ತೆಗೆದು, ಕಾಲಿಡುವ ಜಾಗದಲ್ಲಿ ಬೋರಲು ಮಲಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ, ಮುಂದಿನ ಸೀಟಿನಡಿಗೆ ಕೈ ತೂರಿಸಿದಳು. ಹೊರಬಂದ ಇನ್ಹೇಲರನ್ನು ದುಪಟ್ಟಾದಲ್ಲಿ ಒರೆಸಿ ಸುಮತಿಯ ಕೈಗಿಟ್ಟಳು. ಆಮೇಲೆ ವ್ಯಾನನ್ನೂ ಸರಿಸಿದಳು. ನಾನು ಕಾರನ್ನು ಮೇಲಕ್ಕೆ ತಂದು ಗೇಟಿನ ಹತ್ತಿರ ನಿಲ್ಲಿಸಿದೆ. ಔಷಧಿ ಎಳೆದು ಉಸಿರು ಹಗುರಾದಂತೆ ಸುಮತಿಯ ಭುಜ ಕೆಳಗಿಳಿಯುವುದನ್ನು ನೋಡುತ್ತ ಕುಳಿತೆ.

ವ್ಯಾನಿನವಳೂ ಹಿಂದೆಯೇ ಹತ್ತಿ ಬಂದಿದ್ದಳು. ರೇಣುಕಾ ಅಂತ ಹೆಸರು, ಗದಗದ ಕಡೆಯವಳು.

“ಮಕ್ಕಳು ದಿನಾ ಏನಾರ ಬೀಳಿಸ್ತಾವ್ರಿ. ರಬ್ಬರು, ಡಬ್ಬಿ ಮುಚ್ಚಳ. ಒಬ್ಬಾಕಿದು ಹಲ್ಲೂ ಬಿದ್ದಿತ್ತು. ಎಲ್ಲಾ ಹಿಂದಿನ ಕಡೆಯಿಂದನ ಸಿಗ್ತಾವು.”

ಕಾಗದ ಯಾಕೆಂದು ಕೇಳಿದೆ.

“ಗುಂಡಿ ತಾನ ಒತ್ತಿ ಹತ್ತಿಬಿಟ್ರ ಸೆಲ್ ಖಾಲಿ ಆಗ್ತಾವ್ರಿ, ನಮಗ ಗೊತ್ತೂ ಆಗಂಗಿಲ್ಲ. ಕಾಗದ ಅಡ್ಡ ಇದ್ರ ಹತ್ತಂಗಿಲ್ಲ. ಸೋಮವಾರಕ್ಕೊಮ್ಮೆ ತಗದು, ಹಚ್ಚಿ ನೋಡಿ, ಮತ್ತ ಹಾಕ್ತೀನಿ.”

ನನ್ನ ಟಾರ್ಚನ್ನು ಕೈಯಲ್ಲಿ ತಿರುವಿ ನೋಡಿದಳು. “ಛಲೋ ಐತ್ರಿ ಇದು. ಕಡೀಕ ಚಾರ್ಜ್ ಮಾಡಿದ್ದು ಯಾವಾಗ?”

ಉಸಿರು ತಿರುಗಿದ ಮೇಲೆ ಸುಮತಿ ಆಡಿದ ಮೊದಲ ಮಾತು, “ತಂದ ದಿನ.”

ಮೂವರೂ ನಕ್ಕೆವು.

ಆ ಸಂಜೆ ಮನೆಯಲ್ಲಿ ಇನ್ಹೇಲರನ್ನು ಕೈಗೆತ್ತಿಕೊಂಡೆ. ಅದರ ಬೆನ್ನಿಗೆ ಪುಟ್ಟ ಕಿಂಡಿಯಿದೆ. ಇನ್ನೆಷ್ಟು ಸಲ ಎಳೆಯಬಹುದೆಂಬ ಅಂಕಿ ಅದರಲ್ಲಿ ಕಾಣುತ್ತದೆ. ಇಷ್ಟು ವರ್ಷದಲ್ಲಿ ನಾನದನ್ನು ನೋಡಿಯೇ ಇರಲಿಲ್ಲ. ಒಂಬತ್ತು ಎಂದಿತ್ತು.

“ಗೊತ್ತುಂಟು” ಎಂದಳು ಸುಮತಿ. “ಹೊಸತು ತರ್ಲಿಕ್ಕೆ ನಾಳೆ ಹೇಳುವ ಅಂತಿದ್ದೆ.”

ಈಗ ಕಾರಿನಲ್ಲಿ ಎರಡು ಸೆಲ್ಲಿನ ಸಾದಾ ಟಾರ್ಚಿದೆ, ಒಳಗೊಂದು ಕಾಗದದ ಚೂರು. ಪ್ರತಿ ಭಾನುವಾರ ಕೆಳಗಿಳಿದು ಹಚ್ಚಿ ನೋಡುತ್ತೇನೆ. ಆದರೆ ಇಳಿಯುವ ಮೊದಲು ಸುಮತಿಯ ಚೀಲ ತೆರೆದು ಆ ಕಿಂಡಿಯ ಅಂಕಿ ನೋಡುತ್ತೇನೆ. ಅವಳು ಕಂಡೂ ಕಾಣದವಳಂತೆ ಕಾಫಿಗೆ ಹಾಲು ಇಡುತ್ತಾಳೆ.